ಕೃತಜ್ಞತೆಯ ಪುಟ

ಸಂಶೋಧನಾ ಬರವಣಿಗೆಯ ತರಗತಿಯಲ್ಲಿ ಮೇಷ್ಟ್ರು ಕಲಿಸಿದ ನಿಯಮ ಒಂದೇ: ಪುಟಕ್ಕೆ ಎರಡಾದರೂ ತಪ್ಪಿರಬೇಕು, ಇಲ್ಲದಿದ್ದರೆ ಎಐ ಬರೆದದ್ದು ಅಂತಾರೆ. ಶಶಿರೇಖೆಗೆ ಮನಸ್ಸು ಒಪ್ಪಲಿಲ್ಲ. ಸೊಪ್ಪು ಮಾರುವವರ ಮಗ್ಗುಲಲ್ಲಿ ಕೂತು ಕೇಳಿಸಿಕೊಂಡ ಸಂತೆಯ ಬೈಗುಳಗಳ ಮೇಲೆ ಅವಳು ಒಂದೂ ತಪ್ಪಿಲ್ಲದ ಕಿರುಪ್ರಬಂಧ ಬರೆದಳು. ಮೌಖಿಕ ಪರೀಕ್ಷೆಯ ದಿನ ಅದೇ ಕುತ್ತಿಗೆಗೆ ಬಂತು.

“ಇಷ್ಟು ಚೊಕ್ಕವಾಗಿ ಯಾರಮ್ಮ ಬರೀತಾರೆ? ಎಐ ತಾನೆ? ಹಾಗಿದ್ರೆ ಫೇಲೇ,” ಎಂದರು ಹೊರಗಿನಿಂದ ಬಂದ ಪರೀಕ್ಷಕರು.

ಅಷ್ಟೊಂದು ಬೈಗುಳ ಬರೆದಿಟ್ಟವಳು ಮೆಲ್ಲಗೆ “ಅಲ್ಲ ಸಾರ್” ಎಂದಳು, ಅಷ್ಟೆ.

“ಬಡ್ಕೊಂಡೆ ಸಾರ್, ಒಂದೆರಡು ತಪ್ಪು ಹಾಕಮ್ಮ ಅಂತ,” ಎಂದರು ಪಕ್ಕದಲ್ಲಿದ್ದ ಮೇಷ್ಟ್ರು. ಅವಳ ಗೈಡೂ ಅವರೇ.

ಪರೀಕ್ಷಕರು ಹಾಳೆ ಮಗುಚುತ್ತ ಕೃತಜ್ಞತೆಯ ಪುಟದಲ್ಲಿ ನಿಂತು ಗಟ್ಟಿಯಾಗಿ ಓದಿದರು: “‘ನನ್ನ ಗುರುಗಳು ಊಟ ನಿದ್ದೆ ಬಿಟ್ಟು ಪ್ರತಿ ಅಧ್ಯಾಯವನ್ನೂ ಅಕ್ಷರ ಬಿಡದೆ ಓದಿ ತಿದ್ದಿದರು.’”

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು.

“ಮೂರನೇ ಅಧ್ಯಾಯದಲ್ಲಿ ಏನಿದೆ ಮೇಷ್ಟ್ರೇ?” ಎಂದು ಪರೀಕ್ಷಕರು ಅವರತ್ತ ತಿರುಗಿದರು.

ಮೇಷ್ಟ್ರು ಫ್ಯಾನು ನೋಡಿದರು, ಕಾಫಿ ಲೋಟದೊಳಗೆ ನೋಡಿದರು. “ಮೂರನೇದು ಅಂದ್ರೆ... ಎರಡನೇದರ ಮುಂದುವರಿಕೆ ಸಾರ್.”

“ಎರಡನೇದು?”

“ಅದು ಮೂರನೇದಕ್ಕೆ ಪೀಠಿಕೆ.”

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು, ಪಾಸೆಂದು ಬರೆದು ಸಹಿ ಹಾಕಿದರು.

“ಹುಡುಗೀನೇ ಬರೆದಿರೋದು ಬಿಡಿ. ಎಐಗೆ ಗೈಡಿನ ಭಯ ಎಲ್ಲಿರತ್ತೆ?”