ಒಂದು ಹನಿ ಫೆರಿಕ್ ಕ್ಲೋರೈಡ್

ಹಳದಿ ದ್ರಾವಣದ ಹನಿ ಬಿದ್ದದ್ದೇ ತಡ, ಟೆಸ್ಟ್ ಟ್ಯೂಬಿನಲ್ಲಿ ಕಡು ನೇರಳೆ ಬಣ್ಣ ಹರಡಿತು.

“ನೋಡ್ರಪ್ಪಾ, ನೋಡಿ!” ಹೊರಗಿನಿಂದ ಬಂದಿದ್ದ ಪರೀಕ್ಷಕರು ಟ್ಯೂಬನ್ನು ಎತ್ತಿ ಇಡೀ ಲ್ಯಾಬಿಗೆ ತೋರಿಸಿದರು. “ಇಪ್ಪತ್ಮೂರು ಜನರ ಪುಡಿಗೆ ಹಾಕಿದೆ, ಒಂದೂ ಬಣ್ಣ ತಿರುಗಲಿಲ್ಲ. ಇವಳದು ಮಾತ್ರ ನೇರಳೆ ಹಣ್ಣಿನ ರಸ! ಹೀಗಂದ್ರೆ ಏನಮ್ಮಾ ಅರ್ಥ?”

“ಕಚ್ಚಾ ಆಸಿಡ್ ಸ್ವಲ್ಪ ಉಳಿದಿದೆ ಅಂತ, ಸಾರ್,” ಎಂದಳು ಹುಡುಗಿ.

ಸ್ಯಾಲಿಸಿಲಿಕ್ ಆಸಿಡ್‌ನಿಂದ ಮೂರು ಗಂಟೆಯಲ್ಲಿ ತಲೆನೋವಿನ ಔಷಧಿ ಆಸ್ಪಿರಿನ್ ತಯಾರಿಸಬೇಕು, ಅದೇ ಪರೀಕ್ಷೆ. ಆಸಿಡ್ ಚೂರು ಉಳಿದರೂ ಫೆರಿಕ್ ಕ್ಲೋರೈಡ್ ಚಾಡಿ ಹೇಳಿಬಿಡುತ್ತದೆ. ಕಬ್ಬಿಣದ ಆ ಲವಣಕ್ಕೆ ಯಾರ ಮುಲಾಜೂ ಇಲ್ಲ. ಆದರೆ ಔಷಧಿ ಎಲ್ಲಿಂದ ಬಂತು ಎಂದು ಕೇಳಿದರೆ ಅದಕ್ಕೂ ಗೊತ್ತಿಲ್ಲ.

“ಇದನ್ನ ನುಂಗಿದೋರಿಗೆ ತಲೆನೋವು ಹೋಗಲ್ಲ, ಹೊಟ್ಟೆನೇ ಹೋಗುತ್ತೆ. ಹೋದ ವರ್ಷ ಫೇಲು, ಈ ವರ್ಷಾನೂ ಫೇಲು. ಇನ್ನೊಂದು ಸಲ ಕೂರೋ ಅವಕಾಶವೂ ಇಲ್ಲ, ಗೊತ್ತಲ್ವಾ?” ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಸಿಟ್ಟಿಗೆ ಹುಡುಗಿಯ ಕಿವಿ ಬಿಸಿಯಾಯಿತು. ಪಕ್ಕದವಳು ಬೆಳಿಗ್ಗೆಯೇ ಹೇಳಿದ್ದಳು: “ಅಂಗಡಿ ಮಾತ್ರೆ ನಾಲ್ಕು ಪುಡಿ ಮಾಡಿ ಕಾಗದದಲ್ಲಿ ಕಟ್ಕೊಂಡು ಬಾರೇ. ಎಲ್ಲರೂ ತರ್ತಾರೆ.” ಇವಳು ತರಲಿಲ್ಲ. ಬಿಸಿನೀರಿನಲ್ಲಿ ಫ್ಲಾಸ್ಕ್ ಹಿಡಿದು ಕೂತಳು, ಘಾಟಿಗೆ ಕಣ್ಣೀರು ಸುರಿಸಿದಳು, ಬಿಳಿ ಹರಳು ಮೂಡಿದಾಗ ಒಬ್ಬಳೇ ನಕ್ಕಳು. ಆ ಮೂರು ಗಂಟೆ ಪರೀಕ್ಷಕರು ಪಕ್ಕದ ಕೋಣೆಯಲ್ಲಿ ಫ್ಯಾನಿನ ಕೆಳಗಿದ್ದರು. ಈಗ ಇಪ್ಪತ್ಮೂರು ಸತ್ಯವಂತರು ನೆಲ ನೋಡುತ್ತ ನಿಂತಿದ್ದಾರೆ.

“ಸಾರ್, ಇದು ನಾನೇ ಮಾಡಿದ್ದು.”

“ಅದು ನೋಡಿದ್ರೇ ಗೊತ್ತಾಗುತ್ತೆ!”

ಲ್ಯಾಬೆಲ್ಲ ನಕ್ಕಿತು. ಪಕ್ಕದವಳೂ ನಕ್ಕಳು.

ಸಿಂಕಿನ ಬಳಿ ಟ್ರೇ ಕುಕ್ಕಿದ ಸದ್ದಾಯಿತು. ಗಾಜಿನ ಸಾಮಾನು ತೊಳೆಯುವ ಹೆಂಗಸು ಅಲ್ಲಿ ನಿಂತಿದ್ದಳು. ಎಲ್ಲರೂ ಆಕೆಯನ್ನು ಸೀಸೆಯಮ್ಮ ಎನ್ನುತ್ತಿದ್ದರು. ಆ ಹಳದಿ ದ್ರಾವಣವನ್ನು ವರ್ಷಗಟ್ಟಲೆ ಸೀಸೆಗೆ ತುಂಬಿ ಆಕೆಯ ಬೆರಳ ತುದಿಗಳು ಕಂದಾಗಿದ್ದವು. ಪರೀಕ್ಷೆಯ ಹೊತ್ತಿನಲ್ಲಿ ಆಕೆ ಬಾಯಿ ತೆರೆಯುವಂತಿರಲಿಲ್ಲ.

“ಸಾರ್, ಮಾರ್ಕ್ಸ್ ಬರೆಯೋ ಮುಂಚೆ ಒಂದ್ನಿಮಿಷ.”

“ನಿನಗೇನಮ್ಮಾ ಗೊತ್ತು ಕೆಮಿಸ್ಟ್ರಿ?”

“ಏನೂ ಗೊತ್ತಿಲ್ಲ. ನನಗೆ ಗೊತ್ತಿರೋದು ತೊಳೆಯೋದು.”

ಟ್ರೇಯನ್ನು ಹೊತ್ತು ತಂದು ಅಂಕಪಟ್ಟಿಯ ಮೇಲೆಯೇ ಇಟ್ಟಳು. ಗಾಜಿಗೆ ಗಾಜು ತಾಗಿ ಕಿಣಿಕಿಣಿ ಎಂದಿತು.

“ಬೆಳಿಗ್ಗೆ ಇಪ್ಪತ್ನಾಲ್ಕು ಫ್ಲಾಸ್ಕ್ ಒರೆಸಿ ಕೊಟ್ಟಿದ್ದೆ, ಇಪ್ಪತ್ನಾಲ್ಕೂ ವಾಪಸ್ ಬಂದಿವೆ. ಒಂದೊಂದನ್ನೇ ಮೂಸಿ ನೋಡಿ ಸಾರ್. ನಾನು ತೊಳೀಬೇಕಾಗಿರೋದು ಒಂದೇ.”