ಸೊಟ್ಟ ಗೆರೆ

"ತೊಡೆ ಮುಟ್ಟಬೇಡಿ ಡಾಕ್ಟ್ರಮ್ಮ. ಬೇಕಾದ್ರೆ ಕಾಲೇ ತೆಗೆದುಬಿಡಿ," ಎಂದ ಮಲಾಕಿ.

ಅವನು ದ್ವೀಪದ ಪಟ್ಟಣವಾದ ಅಪಿಯಾದ ಆಸ್ಪತ್ರೆಗೆ ಬಂದು ಆರು ದಿನವಾಗಿತ್ತು. ಕಾಲ ಮೇಲೆ ಲಾರಿ ಹರಿದು ಮೊಣಕಾಲ ಕೆಳಗಿನ ಮಾಂಸ ಕಿತ್ತುಹೋಗಿ ಎಲುಬು ಕಾಣುತ್ತಿತ್ತು. ಮೈಯ ಬೇರೆ ಕಡೆಯಿಂದ ಚರ್ಮ, ಮಾಂಸವನ್ನು ರಕ್ತನಾಳದ ಸಮೇತ ತಂದು ಅಲ್ಲಿಗೆ ಹೊಲಿದರೆ ಕಾಲು ಉಳಿದೀತು. ಬೆನ್ನು ರಸ್ತೆಗೆ ಉಜ್ಜಿ ಹಾಳಾಗಿತ್ತು. ಇನ್ನು ತೊಡೆಯೊಂದೇ ಗತಿ. ಎರಡೂ ತೊಡೆಯ ತುಂಬ ಹಚ್ಚೆ.

ಹಾಕಿದವನು ಅವನಪ್ಪ ಅಫೆಲೆ. ಮಗನನ್ನು ಹನ್ನೆರಡು ದಿನ ಚಾಪೆಯ ಮೇಲೆ ಮಲಗಿಸಿ, ಹಂದಿಕೋರೆಯ ಚೂಪು ಹಲ್ಲಿನ ಹಣಿಗೆಯನ್ನು ಮಸಿಯಲ್ಲದ್ದಿ ಬಡಿದು ಬಡಿದು, ಸೊಂಟದಿಂದ ಮೊಣಕಾಲಿನವರೆಗೆ ಇಳಿಸಿದ್ದ. ಆಮೇಲೆ ಅಫೆಲೆಯ ಕಣ್ಣು ಮಂಜಾಯಿತು. ಅದೇ ಕೊನೆಯ ಕೆಲಸ. ಅದನ್ನು ನೋಡುವುದಕ್ಕೆಂದೇ ಬೇರೆ ದ್ವೀಪಗಳಿಂದ ಜನ ಬರುತ್ತಿದ್ದರು.

"ಆಗ ಹನ್ನೆರಡು ದಿನ ತುಟಿ ಬಿಚ್ಚದವನಿಗೆ, ಈಗ ಬೇಡ ಅನ್ನೋಕೆ ಬಾಯಿ ಬಂತೇನೋ?" ಎಂದ ಮಂಚದ ಪಕ್ಕ ನಿಂತಿದ್ದ ಅಫೆಲೆ.

"ನಿನ್ನ ಕೈ ಕೆಲಸ ಅಪ್ಪ. ಮತ್ತೆ ಆಗೋದಲ್ಲ. ಕಾಲಿಗಾದ್ರೆ ಮರದ್ದು ಸಿಗುತ್ತೆ."

"ನಾಳೆ ದಾಟಿದ್ರೆ ಎಲುಬು ಕೊಳೆಯುತ್ತೆ ಕಣಪ್ಪ," ಎಂದಳು ಡಾಕ್ಟರ್ ತಿರೇಸಾ. "ಆಮೇಲೆ ಮೊಣಕಾಲೂ ನಿಂದಲ್ಲ."

ಮಲಾಕಿ ಆಗದೆಂದು ತಲೆಯಾಡಿಸಿದ. ಮುದುಕ ಮಂಚದಂಚಿಗೆ ಕೂತು, ಮಗನ ಬಲತೊಡೆಯ ಮೇಲೆ ಬೆರಳೂರಿದ.

"ಇಲ್ಲಿ ಕೈ ತಪ್ಪಿತ್ತು ಕಣೋ. ಗೆರೆ ಸೊಟ್ಟ ಬಿತ್ತು. ನನ್ನ ಹತ್ರ ಕೆಲಸ ಕಲಿಯೋ ಹುಡುಗರಿಗೂ ಹೇಳಿಲ್ಲ."

"ಸುಳ್ಳು."

"ಮಗನ ಮೈ ಕೆಡಿಸಿದೆ ಅಂತ ಯಾವ ಅಪ್ಪ ಸುಳ್ಳು ಹೇಳ್ತಾನೆ? ನೀನು ಹಚ್ಚೆ ಕಾಣಲಿ ಅಂತ ಬಟ್ಟೆ ಮೇಲೆತ್ತಿ ಕುಣಿದಾಗೆಲ್ಲ ನಾನು ತಲೆ ತಗ್ಗಿಸಿ ಕೂತಿದ್ದೀನಿ. ಹೋಗ್ಲಿ ಬಿಡೋ ಅದು."

ಮಲಾಕಿ ಅಪ್ಪನ ಮುಖವನ್ನೇ ನೋಡಿದ. "ಆರು ವರ್ಷ ಸೊಟ್ಟದ್ದನ್ನ ಊರಿಗೆಲ್ಲ ತೋರಿಸ್ಕೊಂಡು ತಿರುಗ್ದೆ. ಒಂದು ಮಾತು ಹೇಳಬಾರ್ದಿತ್ತಾ?" ಎಂದು ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಗೀಚಿ, ಗೋಡೆಯ ಕಡೆ ತಿರುಗಿಕೊಂಡ.

ಎಷ್ಟು ಅಗಲ ಕೊಯ್ಯಬೇಕೆಂದು ಗುರುತು ಹಾಕಲು ತಿರೇಸಾ ಸ್ಕೇಲನ್ನು ಆ ಗೆರೆಯ ಮೇಲಿಟ್ಟಳು. ಗೆರೆ ಉದ್ದಕ್ಕೂ ಸ್ಕೇಲಿನ ಅಂಚಿಗೆ ಅಂಟಿಕೊಂಡೇ ಹೋಗಿತ್ತು. ಎಲ್ಲೂ ಒಂದು ನೂಲಿನಷ್ಟೂ ಸರಿದಿರಲಿಲ್ಲ. ಅವಳು ತಲೆಯೆತ್ತಿದಳು. ಅಫೆಲೆ ಹೇಳಬೇಡವೆಂದು ಸದ್ದಿಲ್ಲದೆ ಕೈಮುಗಿದ.

"ತುಂಬಾ ಸೊಟ್ಟ ಇದೆಯಾ ಡಾಕ್ಟ್ರಮ್ಮ?" ಗೋಡೆಯ ಕಡೆಯಿಂದಲೇ ಮಗ ಕೇಳಿದ.

"ಇದೆಯಪ್ಪ," ಎಂದಳು ತಿರೇಸಾ. "ಕಲಿಯೋರ ಕೈ ಥರ ಇದೆ."