ದೊಡ್ಡ ಎಂ

"ಈ ಎಂ ಸಣ್ಣದು ಮಾಡು," ಎಂದು ಅನಸೂಯಾ ಮಲ್ಲಿಕಾಳ ಪುಸ್ತಕದ ಮೇಲೆ ಬೆರಳಿಟ್ಟಳು. 'ಐ ಆಸ್ಕ್‌ಡ್ ಮದರ್ ಫಾರ್ ವಾಟರ್' ಎಂಬ ವಾಕ್ಯದಲ್ಲಿ ಹುಡುಗಿ ಮದರ್ ಪದವನ್ನು ದೊಡ್ಡಕ್ಷರದಿಂದ ಶುರುಮಾಡಿದ್ದಳು. "ಠಾಣೆ ದೊಡ್ಡಕ್ಷರ, ಮರಾಠಿ ದೊಡ್ಡಕ್ಷರ. ಅವು ಒಂದೊಂದರ ಹೆಸರು. ತಾಯಿ ಅಂದ್ರ ಎಲ್ಲಾರಿಗೂ ಇರ್ತಾಳ. ಅದು ಹೆಸರಲ್ಲ."

ಅನಸೂಯಾ ವಿಜಯಪುರದಲ್ಲಿ ಹತ್ತನೆಯ ತರಗತಿ ಪಾಸಾದವಳು. ಅಂಬಾದಾಸನನ್ನು ಮದುವೆಯಾಗಿ ಠಾಣೆ ಶಹರದ ಕೋಪರಿಯ ಈ ಒಂದೇ ಕೋಣೆಯ ಖೋಲಿಗೆ ಬಂದ ಮೇಲೆ, ಅವನ ಮಗಳ ಹತ್ತಿರ ಕೂರಲು ಅವಳಿಗೆ ಸಿಕ್ಕ ದಾರಿ ಈ ಮನೆಪಾಠವೊಂದೇ. ಹೆತ್ತವಳನ್ನು ಕಳೆದುಕೊಂಡಿದ್ದ ಮಲ್ಲಿಕಾ ಅವಳನ್ನು ಇನ್ನೂ ಏನೆಂದೂ ಕರೆದಿರಲಿಲ್ಲ. ಬೇಕಾದಾಗ ಹಿಂದಿಯಲ್ಲಿ 'ಸುನೋ', ಕೇಳಿ, ಎನ್ನುತ್ತಿದ್ದಳು. ಇಲ್ಲವೆ ಎದುರಿಗೆ ಬಂದು ನಿಲ್ಲುತ್ತಿದ್ದಳು.

ಮಲ್ಲಿಕಾ ರಬ್ಬರ್ ಮುಟ್ಟಲಿಲ್ಲ. "ನಹೀ. ಟೀಚರ್ ಹೇಳ್ಯಾರ. 'ಮೈ ಮದರ್' ಅಂದ್ರ ಸ್ಮಾಲ್. ಹೆಸರಿನ ಜಾಗಾದಾಗ ಬರೇ 'ಮದರ್' ಅಂದ್ರ ಕ್ಯಾಪಿಟಲ್." ಪಠ್ಯಪುಸ್ತಕದ ಪುಟ ತಿರುವಿ ಮುಂದೆ ಹಿಡಿದಳು. ಕಣ್ಣು ತುಂಬಿತ್ತು. "ನಾ ಸಣ್ಣದು ಮಾಡಂಗಿಲ್ಲ."

ಅನಸೂಯಾ ನಿಯಮವನ್ನು ನಿಧಾನಕ್ಕೆ ಓದಿದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಎದ್ದು ಹೋಗಿ ಗ್ಯಾಸ್ ಆರಿಸಿ ಬಂದು, "ನಂದ ತಪ್ಪು. ನೀ ಬರ್ದದ್ದ ಖರೆ," ಎಂದಳು.

ಹುಡುಗಿ ಇನ್ನೊಂದು ಜಗಳಕ್ಕೆ ಸಿದ್ಧವಾಗಿ ಕೂತಿದ್ದಳು. ಎದುರಿನವಳು ಇಷ್ಟು ಸುಲಭಕ್ಕೆ ಒಪ್ಪಿಕೊಂಡಾಗ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಪೆನ್ಸಿಲ್ ಕಚ್ಚುತ್ತ, "ನಿಮಗ ಏನಂತ ಕರೀಲಿ?" ಎಂದು ಕೇಳಿದಳು.

ಈ ಮಾತಿಗಾಗಿಯೇ ಅನಸೂಯಾ ಮದುವೆಯಾದಂದಿನಿಂದ ಕಾದಿದ್ದಳು. ಉತ್ತರವೂ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡಳು.

"ನಮ್ಮೂರಾಗ ಓಣಿ ಹುಡುಗ್ರು ನನಗ ಅನಸೂಯವ್ವ ಅಂತಿದ್ರು. ನೀನೂ ಹಂಗ ಅನ್ನು."

ಮಲ್ಲಿಕಾ ಆ ಹೆಸರನ್ನು ಪುಸ್ತಕದ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಬರೆದು ನೋಡಿದಳು. ಮೊದಲಕ್ಷರವಷ್ಟೇ ದೊಡ್ಡದು, ಉಳಿದದ್ದೆಲ್ಲ ಸಣ್ಣ ಅಕ್ಷರ.

"ಇದರಾಗ 'ಅವ್ವ' ಸ್ಮಾಲ್ ಬಂತಲ್ಲ?"

"ಬರ್ಲಿ," ಎಂದಳು ಅನಸೂಯಾ. "ದೊಡ್ಡದು ನಿಮ್ಮವ್ವಂದು."